ಬಾಯವ್ವನ ಮಣ್ಣಿನ ಗಿಣಿಗಳು

ಸಿರಸಂಗಿಯ ಮಂಜುಳಾ ಯಾರ ಮನೆಯ ಹುಲ್ಲುಕಡ್ಡಿಯನ್ನೂ ಮುಟ್ಟಿದವಳಲ್ಲ. ಆದರೂ ಮೂರು ಗಿಣಿಗಳ ಕೊಲೆಯ ಭಾರ ಅವಳ ತಲೆಯ ಮೇಲಿತ್ತು.

ಗಿಣಿಗಳು ಮಣ್ಣಿನವು. ಅತ್ತೆ ಬಾಯವ್ವ ಪ್ರಾಯದಲ್ಲಿ ಏಣಿ ಹತ್ತಿ, ಪಡಸಾಲೆಯ ಬಾಗಿಲ ಮೇಲಿನ ಮಣ್ಣಗೋಡೆಯಲ್ಲಿ ಉಬ್ಬಾಗಿ ತಿದ್ದಿದ್ದಳು. ಎಷ್ಟು ಜೀವಂತವೆಂದರೆ, ಯರಗಟ್ಟಿಯ ಬೆಕ್ಕುಗಳು ಬಸ್ಸು ಹತ್ತಿ ಬಂದು ಕೆಳಗೆ ಕೂತು ಹೋಗುತ್ತಿದ್ದವು. ಕಂಡಕ್ಟರನೂ ಅವುಗಳ ಸಂಕಟ ನೋಡಿ ಟಿಕೆಟ್ ಕೇಳುತ್ತಿರಲಿಲ್ಲ. ಮಂಜುಳಾ ಮದುವೆಯಾಗಿ ಬಂದಾಗ ಹೊಸ ಸೊಸೆಯನ್ನು ನೋಡಲು ಬಂದ ಹೆಂಗಸರು ಗಿಣಿ ನೋಡಿ, ಗಿಣಿ ಹೊಗಳಿ, ಚಹಾ ಕುಡಿದು ಹೋದರು. ಆ ಹೊಟ್ಟೆಉರಿ ಮಂಜುಳಾಳಲ್ಲಿ ಉಳಿಯಿತು.

ಮುಂದೆ ಬಾಯವ್ವನ ಕಣ್ಣಿಗೆ ಪೊರೆ ಬಂತು. ಮಹಾನವಮಿಗೆ ಗೋಡೆ ಸಾರಿಸುವ ಕೆಲಸ ಸೊಸೆಯ ಪಾಲಿಗೆ ಬಂತು. ಅತ್ತೆ ಗಿಣಿಗಳನ್ನು ಬಿಟ್ಟು ಸುತ್ತ ಸಾರಿಸುತ್ತಿದ್ದಳು. ಮಂಜುಳಾ ಮೇಲೆಯೇ ಬಳಿದಳು. ವರ್ಷಕ್ಕೊಂದು ಪದರು. ಕೊಕ್ಕು ಹೋಯಿತು, ರೆಕ್ಕೆ ಹೋಯಿತು, ಗೋಡೆ ಸಪಾಟಾಯಿತು. ಗಂಡ ಕಲ್ಮೇಶನಿಗೆ ಗೋಡೆಯೆಂದರೆ ಮೊಳೆ ಹೊಡೆಯುವ ಜಾಗ. ಓಣಿಯವರು ಅತ್ತೆ-ಸೊಸೆಯ ನಡುವೆ ಬಾಯಿ ಹಾಕಲಿಲ್ಲ.

“ಮಂಜೂ, ನನ್ನ ಗಿಣಿ ಹೆಂಗದಾವ?”

“ಈಗರೆ ಹಾರತಾವ ಅನ್ನೂವಂಗ ಅದಾವ್ರಿ ಅತ್ತಿ.”

ಮುದುಕಿಯ ಮುಖ ಅರಳುತ್ತಿತ್ತು. ಮಂಜುಳಾ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಈ ವರ್ಷ ಬೆಳಗಾವಿಯಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಆಯಿತು. “ಅವ್ವಗ ಚಲೋ ಕಾಣಾಕತ್ತೈತಿ, ನಾಳೆ ಬರತೇವಿ,” ಎಂದು ಕಲ್ಮೇಶ ಫೋನು ಮಾಡಿದ. ಮಂಜುಳಾ ಮಗಳ ಮುಂದೆ ಎಲ್ಲ ಒಪ್ಪಿಕೊಂಡಳು. ಬೈಲಹೊಂಗಲದ ಕಾಲೇಜಿಗೆ ಹೋಗುವ ಮಗಳು ರೇಣು, ತಾಯಿಯ ಕಥೆ ಕೇಳಿ ಮೊಬೈಲು ತೋರಿಸಿದಳು. ಪೆರು ದೇಶದ ಚಾನ್ ಚಾನ್ ಎಂಬ ಪುರಾತನ ಪಟ್ಟಣ. ಹಸಿ ಇಟ್ಟಿಗೆಯ ಗೋಡೆಗಳ ಮೇಲೆ ಮಣ್ಣಿನ ಮೀನು, ಮಣ್ಣಿನ ಹಕ್ಕಿ.

“ನೂರಾರು ವರ್ಷ ಉಸುಕಿನಾಗ ಮುಚ್ಚಿದ್ದೂವು ಯವ್ವಾ. ಝಾಡಿಸಿ ಹೊರಗ ತಗದಾರ.”

“ಹಂಗಾರ ನಮ್ಮವೂ ಬರತಾವ!”

ಮಂಜುಳಾ ಕಳೆ ತೆಗೆಯುವ ಕುರ್ಪಿ ಹಿಡಿದು ಏಣಿ ಹತ್ತಿದಳು. ಆದರೆ ಉಸುಕು ಅಂಟುವುದಿಲ್ಲ. ನೀರು ಚಿಮುಕಿಸಿ ಅಂಗೈಯಿಂದ ತಿಕ್ಕಿದ ಸಗಣಿಮಣ್ಣು ಬಿಡುವುದಿಲ್ಲ. ಪದರಿನ ಜೊತೆ ಒಂದು ರೆಕ್ಕೆಯೂ ಕಿತ್ತು ಬಂತು.

“ಸಾಕ ಇಳೀಬೇ, ಕೊಂದಗಿಂದಿ!” ಎಂದು ಕೆಳಗಿನಿಂದ ರೇಣು ಕೂಗಿದಳು.

“ಯಾವಾಗೋ ಕೊಂದೇನಿ,” ಎಂದು ಮಂಜುಳಾ ಕುಳಿಯನ್ನು ಮತ್ತೆ ಮೆತ್ತಿದಳು.

ಮರುದಿನ ಬಾಯವ್ವ ಕರಿ ಕನ್ನಡಕ ಹಾಕಿಕೊಂಡು ಬಂದವಳೇ ಬಾಗಿಲ ಮೇಲೆ ನೋಡಿದಳು. ಕನ್ನಡಕ ಏರಿಸಿ ನೋಡಿದಳು.

“ಕಲ್ಮೇಶಾ, ಗಾಡಿ ತಿರಗಸೋ. ಡಾಕ್ಟರ ಅರ್ಧಾ ಕೆಲಸ ಮಾಡ್ಯಾನ. ಜಂತ್ಯಾಗಿನ ಹಲ್ಲಿ ಕಾಣತೈತಿ, ಹಲ್ಲಿ ಬಾಯಾಗಿನ ಹುಳಾ ಕಾಣತೈತಿ, ನನ್ನ ಗಿಣಿ ಕಾಣವಲ್ವು!”

ಗಾಬರಿಯಾದ ಕಲ್ಮೇಶ ಡಾಕ್ಟರಿಗೆ ಫೋನು ಹಚ್ಚತೊಡಗಿದ. ಸುಮ್ಮನಿದ್ದರೆ ಮುದುಕಿಯನ್ನು ಮತ್ತೆ ಆಸ್ಪತ್ರೆಗೆ ಒಯ್ಯುತ್ತಾರೆ. ಮಂಜುಳಾ ಅತ್ತೆಯ ಕಾಲು ಹಿಡಿದಳು.

“ಕಣ್ಣ ಚಲೋ ಅದಾವ್ರಿ ಅತ್ತಿ. ಗಿಣೀನ ಇಲ್ಲ. ನಾನ ಮೆತ್ತೇನಿ. ಇಷ್ಟು ವರ್ಷ ಸುಳ್ಳ ಹೇಳೇನಿ.”

ಸಿರಸಂಗಿಯ ಗಾಳಿ ಕೂಡ ಊರ ಅಗಸಿಬಾಗಿಲ ಹೊರಗೇ ನಿಂತಿತು. ಬಾಯವ್ವ ಬಯ್ಯಲಿಲ್ಲ. ಸೊಸೆಯ ಕೈ ಬಿಡಿಸಿದಳು.

“ಆತೇಳು. ಮಣ್ಣ ಕಲಸು, ಮತ್ತ ಮಾಡೂಣು. ಕಾಣದ ಕಾಣದ ನನಗ ಮರತ ಹೋಗೈತಿ. ನೀ ದಿನಾ ನೋಡತಿದ್ದಿ. ನಡುವಿನ ಗಿಣಿ ಮಾರಿ ಯಾ ಕಡೆ ಇತ್ತು?”

ಮಂಜುಳಾ ಸಪಾಟು ಗೋಡೆಯತ್ತ ಕಣ್ಣೆತ್ತಿದಳು. ಮಣ್ಣು ಬಳಿಯುವ ಮೊದಲೂ ಅವಳು ಆ ಗಿಣಿಗಳನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ.