ಊಟ ಆಯ್ತಾ ಎಂದು ಕೇಳಬೇಡಿ ಅಂದಿದ್ದಕ್ಕೆ

ಹೋದ ವಾರ ಐದು ದಿನ ನಾನು ಈ ಜಿಲ್ಲೆಯ ಅತಿ ಬುದ್ಧಿವಂತ ಮನುಷ್ಯನಾಗಿದ್ದೆ. ಆರನೇ ದಿನ ಹೆಂಡತಿ ಕೆಳಗಿಳಿಸಿದಳು.

ಕಿರವತ್ತಿಯಲ್ಲಿ ಹೆದ್ದಾರಿ ಬದಿಗೆ ನನ್ನ ಟೈರ್ ಅಂಗಡಿ ಇರುವುದು ನಿಮಗೆ ಗೊತ್ತೇ ಇದೆ. (ನಿಮ್ಮಲ್ಲಿ ಕೆಲವರು ಪಂಕ್ಚರ್ ಆದಮೇಲೆ ಓದುಗರಾದವರು.) ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನಾಚಿಕೆಯಿಂದ ಹೇಳುತ್ತಿಲ್ಲ, ಎದುರಿಗೆ ಇಂಜಿನಿಯರ್ ಕೂತಿದ್ದರೆ ಎರಡು ಸಲ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಯಾವ ಲಾರಿಗೆ ಯಾವ ಟೈರ್ ಯಾವಾಗ ಹಾಕಿದೆ ಎಂದು ನೆನಪಿಡಲು ಒಂದು ಪ್ರೋಗ್ರಾಂ ಬೇಕಿತ್ತು. ಮತ್ತೊಬ್ಬರ ಹತ್ತಿರ ಮಾಡಿಸುವುದಾ? ನಾನೇ ಕಲಿತೆ. ಆಗ ಸಿಕ್ಕಿದ್ದು ನಮ್ಮ ಆನ್‌ಲೈನ್ ಗ್ರೂಪ್. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಸೇರಿ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಯುವ ಜಾಗ. ಟೈಲರ್ ಇದ್ದಾರೆ, ನರ್ಸ್ ಇದ್ದಾರೆ, ರಿಟೈರ್ ಆದ ಕಂಡಕ್ಟರ್ ಇದ್ದಾರೆ.

ಅಲ್ಲಿ ಬರುವ ಜನ ಹೊಸಬರು, ಪ್ರಶ್ನೆ ಮಾತ್ರ ಹಳೆಯವೇ. ಹಾಗಾಗಿ ಎಫ್‌ಎಕ್ಯೂ ಬರೆಯುವ ಕೆಲಸ ನಾನು ಹೊತ್ತುಕೊಂಡೆ. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗುವ ಪುಟ ಅದು. ಟೈರ್ ಬಿಚ್ಚುತ್ತ ಯೋಚಿಸುವುದು, ಕೈ ತೊಳೆದು ಬರೆಯುವುದು. ಈಗ ನಲವತ್ತೊಂದು ಉತ್ತರ ಇವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲುಗಳನ್ನು ಯಾಕೆ ಒಂದೇ ಸಮ ಒಳಗೆ ಸರಿಸಬೇಕು? ನನ್ನ ಉತ್ತರ: 'ಚಕ್ರದ ಒಂದು ನಟ್ ಸಡಿಲ ಬಿಟ್ಟು ಗಾಡಿ ಓಡಿಸುತ್ತೀರಾ?' ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಹೇಳೀತು?

ಒಂದೇ ತೊಂದರೆ. ನಮ್ಮವರು ನೇರ ಪ್ರಶ್ನೆಗೆ ಬರುವುದಿಲ್ಲ.

ಕಾನಸೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಗಣಪಣ್ಣನನ್ನೇ ನೋಡಿ. ಮೊದಲು 'ನಮಸ್ಕಾರ'. ಹತ್ತು ನಿಮಿಷ ಬಿಟ್ಟು 'ಊಟ ಆಯ್ತಾ?' ಆಯಿತು ಎಂದರೆ 'ಆ ಕಡೆ ಮಳೆ ಹೆಂಗೆ?' ಆಮೇಲೆ 'ಬಿಡುವಿದ್ರೆ ಒಂದು ವಿಷಯ ಇತ್ತು.' ಏನು ಎಂದು ಕೇಳಿದರೆ 'ಎಂತ ಇಲ್ಲ ಮಾರಾಯ್ರೆ, ಸಣ್ಣ ಎರರ್ ಒಂದು.' ಅಷ್ಟು ಹೊತ್ತಿಗೆ ನಾನು ಎರಡು ಪಂಕ್ಚರ್ ಹಾಕಿ ಮುಗಿಸಿರುತ್ತೇನೆ.

ಸಾಕಾಯಿತು. ಪುಟದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: 'ಊಟ ಆಯ್ತಾ, ಮಳೆ ಹೇಗೆ ಎಂದೆಲ್ಲ ಕೇಳಬೇಡಿ. ಮೊದಲು ಈ ಪುಟ ಓದಿ. ಉತ್ತರ ಸಿಗದಿದ್ದರೆ ನೇರವಾಗಿ ಎರರ್ ಹಾಕಿ.'

ಮಾರನೇ ದಿನ ಒಂದೂ ಪ್ರಶ್ನೆ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಐದನೇ ದಿನಕ್ಕೆ ನನಗೆ ಖಾತ್ರಿಯಾಯಿತು: ಮೂರು ತಾಲೂಕಿನ ಪ್ರಶ್ನೆಗಳನ್ನೆಲ್ಲ ನಾನೊಬ್ಬನೇ ಮುಗಿಸಿಬಿಟ್ಟಿದ್ದೇನೆ. ಪಕ್ಕದ ಧಾಬಾದಿಂದ ಮಿರ್ಚಿ ಭಜಿ ತರಿಸಿ, ಗಾಳಿ ಹಾಕಿಸಲು ಬಂದವರಿಗೆಲ್ಲ ಹಂಚಿದೆ. ಒಬ್ಬ ಡ್ರೈವರ್ ಮಗು ಹುಟ್ಟಿತಾ ಎಂದು ಕೇಳಿದ. ಹೆಚ್ಚುಕಡಿಮೆ ಹಾಗೇ ಎಂದೆ.

ಹೆಂಡತಿ ರೇಣುಕಾ ಹಾವೇರಿ ಕಡೆಯವಳು. ತನ್ನ ಪಾಲಿನ ಭಜಿ ತಿಂದು ಮುಗಿಸಿದಳು. ಮರುದಿನ ಬೆಳಿಗ್ಗೆ ಚಹಾ ಕೊಡುತ್ತ ಹೇಳಿದಳು:

"ಅಂಗಡಿಗೆ ಗಿರಾಕಿ ಬರಲಿಲ್ಲಂದ್ರ ಊರಾಗಿನ ಟೈರೆಲ್ಲ ಗಟ್ಟಿ ಆದ್ವು ಅಂತ ಕುಣೀತೀರೇನ್ರಿ?"

ಚಹಾ ಲೋಟ ಕೆಳಗಿಟ್ಟು ಗ್ರೂಪ್ ತೆರೆದೆ, ಅವತ್ತೂ ಖಾಲಿ.

ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ? ರಸ್ತೆಯಲ್ಲಿ ಜನ ನನ್ನನ್ನು 'ಏ ಪಂಕ್ಚರ್' ಎಂದು ಕರೆಯುತ್ತಾರೆ. ಆ ಗ್ರೂಪಿನಲ್ಲಿ 'ಅಣ್ಣ, ಇದೊಂದು ನೋಡಿ' ಎನ್ನುತ್ತಾರೆ. ಅದನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದು ಕಳೆದುಕೊಂಡೆನಾ?

ಮಧ್ಯಾಹ್ನ ಗಣಪಣ್ಣನಿಗೆ ಫೋನ್ ಮಾಡಿದೆ. ಬಾಯಿಗೆ ಮೊದಲು ಬಂದದ್ದೇ ಅದು.

"ಊಟ ಆಯ್ತಾ ಗಣಪಣ್ಣ?"

"ಆಯ್ತು. ಇದನ್ನ ಕೇಳಬಹುದಾ ಈಗ?"

"ಯಾಕೆ ಯಾರೂ ಏನೂ ಕೇಳ್ತಿಲ್ಲ?"

"ನಿಮಗೆ ಬೇಜಾರಾಗಿದೆ ಹೇಳಿ ತಿಳ್ಕಂಡ್ವಿ. ಸುಮ್ನೆ ತೊಂದರೆ ಕೊಡೋದು ಎಂತಕ್ಕೆ."

ಹಿಂದಿನಿಂದ ಅವರ ಹೆಂಡತಿಯ ದನಿ: "ಹೇಳಿಬಿಡಿ ಅತ್ಲಾಗೆ, ಎಂತಕ್ಕೆ ಮುಚ್ಚಿಡ್ತೀರಿ?"

ಗಣಪಣ್ಣ ಹೇಳಿದರು. ಎಲ್ಲರೂ ಇನ್ನೊಂದು ಗ್ರೂಪ್ ಮಾಡಿಕೊಂಡಿದ್ದರು. ಅದರ ಹೆಸರು 'ಊಟ ಆಯ್ತಾ'.

ನಮ್ಮ ಜನ ಹೀಗೇ. ಜಗಳ ಇಲ್ಲ, ಮುಖ ತಿರುಗಿಸುವುದಿಲ್ಲ. ಬೇಜಾರಾದರೆ ಊಟದ ಪಂಕ್ತಿಯ ನಡುವಿನಿಂದಲೂ ಸದ್ದಾಗದ ಹಾಗೆ ಎದ್ದು ಹೋಗುತ್ತಾರೆ.

ಗಣಪಣ್ಣ ನನ್ನನ್ನೂ ಸೇರಿಸಿದರು. ಹೆದರುತ್ತಲೇ ಹಳೆಯ ಮೆಸೇಜುಗಳನ್ನು ಓದಿದೆ. ಐದು ದಿನದಲ್ಲಿ ನೂರಾರು. ಯಾರ ಮನೆಯಲ್ಲಿ ಏನು ಪಲ್ಯ ಎಂಬಲ್ಲಿಂದ ಶುರುವಾಗಿ ಎಲ್ಲ ಎರರಿನಲ್ಲೇ ಮುಗಿದಿವೆ. ಪ್ರತಿ ಎರರಿನ ಕೆಳಗೆ ಯಾರಾದರೊಬ್ಬರು ಬರೆದಿದ್ದಾರೆ: 'ಟೈರ್ ಅಣ್ಣನ ಪುಟದಲ್ಲಿ ಹನ್ನೊಂದನೇದು ನೋಡಿ.' 'ಅಣ್ಣನ ಇಪ್ಪತ್ತಾರು.' ನರ್ಸ್ ಒಬ್ಬರು ಹೊಸಬರಿಗೆ ನನ್ನ ನಟ್ಟಿನ ಉತ್ತರ ಕಳಿಸಿ, 'ಇದು ಅರ್ಥ ಆಗದಿದ್ದರೆ ಬೇರೆ ಯಾವುದೂ ಆಗುವುದಿಲ್ಲ' ಎಂದಿದ್ದಾರೆ.

ಜ್ಯಾಕ್ ಇಲ್ಲದೆ ಲಾರಿ ಎತ್ತುವಷ್ಟು ಖುಷಿ ಬಂತು. ರೇಣುಕಾಗೆ ಓದಿ ಹೇಳಿದೆ. ಮತ್ತೊಮ್ಮೆ ಓದಿದೆ. ಮೂರನೇ ಸಲಕ್ಕೆ ಅವಳು ಮಿಕ್ಸಿ ಶುರು ಮಾಡಿದಳು.

ಈ ಊಟದ ಪ್ರಶ್ನೆ ಯಾಕೆ ಬೇಕು ಎಂದು ಆಗ ಹೊಳೆಯಿತು. ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಮುಂಚೆ, ಎದುರಿನವರು ಬೈಯುತ್ತಾರಾ ಎಂದು ನೋಡಿಕೊಳ್ಳುವುದು ಬೇಡವಾ? ಶಾಲೆಯಲ್ಲಿ ನನಗೂ ಮೇಷ್ಟ್ರ ಊಟ ವಿಚಾರಿಸುವ ಸೌಲಭ್ಯ ಇದ್ದಿದ್ದರೆ ಒಂಬತ್ತನೇ ಕ್ಲಾಸನ್ನೂ ನೋಡುತ್ತಿದ್ದೆನೇನೋ.

ಪುಟದ ತಲೆಬರಹ ಬದಲಿಸಿದೆ: 'ಧಾರಾಳವಾಗಿ ಊಟ ವಿಚಾರಿಸಿ. ಉತ್ತರ ಬರುವಷ್ಟರಲ್ಲಿ ಎರರ್ ಟೈಪ್ ಮಾಡಿ ಇಟ್ಟುಕೊಳ್ಳಿ.'

ಬದಲಿಸುವ ಗಡಿಬಿಡಿಯಲ್ಲಿ ಪುಟದ ಅರ್ಧದಷ್ಟು ಅಕ್ಷರಗಳು ಬರೀ ಚೌಕಗಳಾದವು. ನನ್ನ ನಲವತ್ತೊಂದು ಉತ್ತರಗಳಲ್ಲಿ ಅದಕ್ಕೆ ಮದ್ದಿಲ್ಲ. ಏನು ಮಾಡಲಿ? ಹೊಸ ಗ್ರೂಪಿನಲ್ಲಿ ಬರೆದೆ: 'ನಮಸ್ಕಾರ. ಎಲ್ಲರದ್ದೂ ಊಟ ಆಯ್ತಾ?'

ಮೂವತ್ತೆಂಟು ಜನ ಉತ್ತರಿಸಿದರು. ಮೂವತ್ತೆಂಟು ಜನರದ್ದೂ ಊಟ ಆಗಿತ್ತು, ಚೌಕಕ್ಕೆ ಮದ್ದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

ಇಂಥ ಗ್ರೂಪ್ ಬಿಟ್ಟು ನಾನು ಎಲ್ಲಿಗೆ ಹೋಗಲಿ?