ಒಂದೇ ನೀರು ಕಂಡ ಸೀಸೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಏಳುನೀರಮ್ಮ ಎಂದೇ ಕರೆಯುತ್ತಿದ್ದರು. ಗಾಜಿನ ಸಾಮಾನು ತೊಳೆಯುವುದು ಅವಳ ಕೆಲಸ. ಸೀಸೆಯಾಗಲಿ, ನಳಿಗೆಯಾಗಲಿ, ಮೊದಲು ಕ್ರಿಮಿ ಕೊಲ್ಲುವ ಕಂದು ದ್ರವದಲ್ಲಿ ಒಂದು ದಿನ ನೆನೆಯಬೇಕು. ಆಮೇಲೆ ಸೋಪು, ಬ್ರಷ್ಷು. ಆಮೇಲೆ ಏಳು ಸಲ ನೀರು. ಐದು ಸಲ ನಲ್ಲಿಯದು, ಕೊನೆಯ ಎರಡು ಸಲ ಭಟ್ಟಿ ಇಳಿಸಿದ್ದು. ಪುಸ್ತಕದಲ್ಲಿ ಮೂರು ಸಲ ಸಾಕು ಎಂದಿದೆಯಂತೆ. ಪುಸ್ತಕ ಬರೆದವರು ಯಾವತ್ತಾದರೂ ಸೀಸೆ ತೊಳೆದಿದ್ದಾರೆಯೇ ಎಂದು ಅವಳು ಕೇಳುತ್ತಿದ್ದಳು.

“ನಿಮ್ಮ ಕೈಗೆ ಸಿಕ್ಕರೆ ಗಾಜೂ ಸವೆದು ಹೋಗುತ್ತೆ ಕಣಮ್ಮ,” ಎಂದು ಉಗ್ರಾಣದವನು ನಗುತ್ತಿದ್ದ.

“ಸವೆದಿರೋದು ನನ್ನ ಕೈ. ನಿಮ್ಮ ಗಾಜು ಹಾಗೇ ಇದೆ, ಎಣಿಸಿಕೊಳ್ಳಿ.”

ಇಪ್ಪತ್ತೆರಡು ವರ್ಷದಲ್ಲಿ ಅವಳು ಒಡೆದದ್ದು ಹದಿನಾಲ್ಕು ಸಾಮಾನು. ಅಂಚು ಮುಕ್ಕಾದ ಒಂದು ಸೀಸೆಯನ್ನು ಮಾತ್ರ ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದಳು. ಕೈ ಕುಯ್ದೀತೆಂದು ಅದನ್ನು ಯಾವಾಗಲೂ ಕೊನೆಗೆ ತೊಳೆಯುತ್ತಿದ್ದಳು.

ಆ ವರ್ಷ ಅಲ್ಲಿಗೆ ಸಂಶೋಧನೆಗೆಂದು ಒಬ್ಬ ಹುಡುಗಿ ಬಂದಳು. ಸದಾ ಕೈಯಲ್ಲಿ ಅಳತೆಗೋಲು ಇರುತ್ತಿದ್ದರಿಂದ ಉಗ್ರಾಣದವನು ಮಿಲಿಮೀಟರ್ ಮೇಡಂ ಎಂದು ಹೆಸರಿಟ್ಟ. ಔಷಧಿ ಗಿಡಗಳ ಸಾರ ತೆಗೆದು, ಕ್ಷಯದ ಕ್ರಿಮಿಯ ಮೇಲೆ ಅದರ ಕೈ ನಡೆಯುತ್ತದೆಯೇ ಎಂದು ನೋಡುವುದು ಅವಳ ಕೆಲಸ. ನಿಜವಾದ ಕ್ಷಯದ ಕ್ರಿಮಿ ಬೆಳೆಯಲು ವಾರಗಟ್ಟಲೆ ಬೇಕು, ಅಪಾಯವೂ ಹೌದು. ಅದಕ್ಕೇ ಅದೇ ಕುಲದ, ಅಷ್ಟೇನೂ ಕೇಡು ಮಾಡದ, ಮೂರೇ ದಿನದಲ್ಲಿ ಬೆಳೆಯುವ ಇನ್ನೊಂದು ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸುತ್ತಿದ್ದಳು.

“ಹಾಗಾದ್ರೆ ಇದು ಅದರ ದಾಯಾದಿ ಅನ್ನಿ,” ಎಂದಳು ಏಳುನೀರಮ್ಮ.

“ಸರಿಯಾಗಿ ಹೇಳಿದ್ರಿ ಅಮ್ಮ. ದಾಯಾದಿಗೆ ಪೆಟ್ಟು ಬಿದ್ದರೆ ಅದಕ್ಕೂ ಬೀಳಬಹುದು ಅಂತ ಒಂದು ಆಸೆ. ಬೀಳಲೇಬೇಕು ಅಂತೇನಿಲ್ಲ.”

ಎಲೆಗಳನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಸ್ಪಿರಿಟ್ಟು ಆವಿಯಾಗಲು ಬಿಟ್ಟು, ಉಳಿದ ಅಂಟನ್ನು ಕರಗಿಸಿ ಸೀಸೆಗೆ ತುಂಬುತ್ತಿದ್ದರು. ಕ್ರಿಮಿ ಬಿತ್ತಿದ ತಟ್ಟೆಯಲ್ಲಿ ಚಿಕ್ಕ ಗುಂಡಿ ಕೊರೆದು ಒಂದೊಂದು ಹನಿ ಬಿಡುವುದು. ಸಾರದಲ್ಲಿ ಸತ್ವವಿದ್ದರೆ ಗುಂಡಿಯ ಸುತ್ತ ಕ್ರಿಮಿ ಬೆಳೆಯದೆ ಒಂದು ತಿಳಿಯಾದ ಬಳೆ ಕಾಣುತ್ತದೆ. ಆ ಬಳೆಯನ್ನೇ ಹುಡುಗಿ ಅಳೆಯುತ್ತಿದ್ದದ್ದು. ಹನ್ನೊಂದು ಗಿಡಗಳಾದವು, ಒಂದಕ್ಕೂ ಹೇಳಿಕೊಳ್ಳುವಂಥ ಬಳೆ ಬರಲಿಲ್ಲ.

“ನಮ್ಮಮ್ಮ ಕೆಮ್ಮಿಗೆ ಬೂದುಸೊಪ್ಪು ಕೊಡ್ತಿದ್ದಳು. ಅದನ್ನೂ ಒಂದು ಕೈ ನೋಡಿ,” ಎಂದು ಏಳುನೀರಮ್ಮ ತಾನೇ ರಸ್ತೆ ಬದಿಯ ಬೇಲಿಯಿಂದ ಒಂದು ಚೀಲ ಕಿತ್ತು ತಂದಳು. ಅದು ಹನ್ನೆರಡನೆಯದು.

ಅದಕ್ಕೆ ಹದಿನೇಳು ಮಿಲಿಮೀಟರ್ ಬಳೆ ಬಂತು. ಹುಡುಗಿ ಇನ್ನೆರಡು ಸಲ ಹನಿ ಬಿಟ್ಟಳು. ಹದಿನೇಳು, ಹದಿನಾರು. ಅವಳು ಬಂದು ಒದ್ದೆ ಕೈಗಳ ಸಮೇತ ಏಳುನೀರಮ್ಮನನ್ನು ಅಪ್ಪಿಕೊಂಡಳು. ದೊಡ್ಡ ಪ್ರೊಫೆಸರರೂ ತೊಟ್ಟಿಯ ಹತ್ತಿರ ಬಂದು, “ನಿಮ್ಮ ತಾಯಿಯವರದು ದೊಡ್ಡ ಕೈಗುಣ,” ಎಂದರು. ಅಷ್ಟು ವರ್ಷದಲ್ಲಿ ಅವರು ಅವಳೊಡನೆ ಆಡಿದ ಎರಡನೆಯ ಮಾತು ಅದು. ಮೊದಲನೆಯದು, ನೆಲ ಒದ್ದೆಯಾಗಿದೆ ಎಂದು.

ಆ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಅವಳಿಂದ ಆಗಲಿಲ್ಲ. ಸಂಜೆ ನೇರವಾಗಿ ತಂಗಿಯ ಮನೆಗೆ ಹೋದಳು.

ತಂಗಿ ಮನೆಯಲ್ಲೇ ಹೊಲಿಗೆ ಮಾಡುವವಳು. ಕ್ಷಯವೆಂದು ಗೊತ್ತಾಗಿ ಆರು ತಿಂಗಳ ಮಾತ್ರೆಯಲ್ಲಿ ಮೂರನೆಯ ತಿಂಗಳು ನಡೆಯುತ್ತಿತ್ತು. ಬೆಳಿಗ್ಗೆ ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳಸುತ್ತಿತ್ತು, ಮೂತ್ರ ಕೆಂಪಗೆ ಹೋಗುತ್ತಿತ್ತು, ಸೂಜಿಯ ಕಣ್ಣು ಎರಡಾಗಿ ಕಾಣುತ್ತಿತ್ತು.

“ನಮ್ಮಮ್ಮನ ಸೊಪ್ಪು ಕ್ಷಯದ ಕ್ರಿಮಿನ ಕೊಲ್ಲುತ್ತೆ ಕಣೇ! ನಾನೇ ಕಣ್ಣಾರೆ ನೋಡಿದೆ. ಪ್ರೊಫೆಸರೇ ಒಪ್ಪಿದರು.” ದಾಯಾದಿಯ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಿದರೆ ಮಾತು ಸಪ್ಪೆಯಾಗುತ್ತಿತ್ತು.

“ಹಾಗಾದ್ರೆ ನನಗೂ ತಂದುಕೊಡು ಅಕ್ಕ.”

“ಮಾತ್ರೆ ಜೊತೆಗೆ ಕುಡಿ ಮತ್ತೆ.”

“ಹೂಂ, ಜೊತೆಗೇ,” ಎಂದಳು ತಂಗಿ, ಬಟ್ಟೆಯಿಂದ ಕಣ್ಣೆತ್ತದೆ.

ಅಂದಿನಿಂದ ಎರಡು ದಿನಕ್ಕೊಮ್ಮೆ ಏಳುನೀರಮ್ಮ ಸೊಪ್ಪು ಕಿತ್ತುಕೊಂಡು ಹೋಗಿ ಕೊಟ್ಟಳು.

ಮೂರನೆಯ ವಾರ ಹುಡುಗಿ ಹೊಸದಾಗಿ ಸಾರ ತೆಗೆದು ಬೇರೆ ಸೀಸೆಗೆ ತುಂಬಿದಳು. ಬಳೆ ಬರಲಿಲ್ಲ. ಮತ್ತೆ ತೆಗೆದಳು, ಮತ್ತೂ ಬರಲಿಲ್ಲ. ತಾನೇ ಎಲ್ಲೋ ತಪ್ಪಿದೆನೆಂದು ಹುಡುಗಿ ಊಟ ಬಿಟ್ಟು ಪುಸ್ತಕ ತಿರುವಿದಳು. ಒಂದು ಮಧ್ಯಾಹ್ನ ಹಳೆಯ ಸಾರದ ಸೀಸೆಯನ್ನು ಬೆಳಕಿಗೆ ಹಿಡಿದು, “ಇದರಲ್ಲಿರೋದು ಅದರಲ್ಲಿ ಯಾಕಿಲ್ಲ?” ಎಂದು ತನಗೆ ತಾನೇ ಕೇಳಿಕೊಂಡಳು.

ಏಳುನೀರಮ್ಮ ತೊಟ್ಟಿಯಿಂದ ತಲೆಯೆತ್ತಿ ನೋಡಿದಳು. ಸೀಸೆಯ ಅಂಚು ಮುಕ್ಕಾಗಿತ್ತು.

ಆಗ ಅವಳಿಗೆ ನೆನಪಾಯಿತು. ಬೂದುಸೊಪ್ಪಿನ ಮೊದಲ ಸಾರ ತುಂಬುವ ಮುಂಚಿನ ಬುಧವಾರ. ಇಪ್ಪತ್ತಮೂರು ಸೀಸೆ ಮುಗಿಸಿ ಕೊನೆಯದಕ್ಕೆ ಒಂದು ನೀರು ಹಾಕುವಷ್ಟರಲ್ಲಿ ನಲ್ಲಿ ನಿಂತುಹೋಯಿತು. ಸೋಪೂ ಕಂಡಿರಲಿಲ್ಲ, ಕಂದು ದ್ರವದಿಂದ ಎತ್ತಿದ್ದೇ ಒಂದು ನೀರು. ನಲ್ಲಿ ಬಂದ ಮೇಲೆ ನೋಡೋಣವೆಂದು ಬೋರಲು ಹಾಕಿದಳು. ಆಮೇಲೆ ಯಾರೋ ಕರೆದರು, ಹೋದಳು. ಮರುದಿನ ಅದು ಉಳಿದವುಗಳ ಜೊತೆ ಬಿಸಿ ಪೆಟ್ಟಿಗೆಯಲ್ಲಿ ಒಣಗಿ ಕಪಾಟು ಸೇರಿತ್ತು. ತಟ್ಟೆಯ ಕ್ರಿಮಿಯನ್ನು ಕೊಂದದ್ದು ಅವಳ ಅಮ್ಮನ ಸೊಪ್ಪಲ್ಲ, ತಳದಲ್ಲಿ ಉಳಿದ ಕಂದು ದ್ರವ.

ಹೇಳಬೇಕಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ಬಿಸಿತುಪ್ಪ ಗಂಟಲಲ್ಲಿ ನಿಂತ ಹಾಗೆ ಒಂಬತ್ತು ದಿನ ಕಳೆದಳು. ಉಗ್ರಾಣದವನು ಏಳುನೀರಮ್ಮ ಎಂದು ಕೂಗಿದರೆ ಯಾರೋ ಬೆನ್ನಿಗೆ ಕಲ್ಲು ಹೊಡೆದಂತಾಗುತ್ತಿತ್ತು. ಹುಡುಗಿ ಎದುರು ಬಂದರೆ ನೆಲ ಒರೆಸಲು ಬಗ್ಗುತ್ತಿದ್ದಳು. ಸೊಪ್ಪು ಕೊಡುವುದನ್ನು ಮಾತ್ರ ನಿಲ್ಲಿಸಿದಳು, ಬೇಲಿ ಕಡಿದರೆಂದು ತಂಗಿಗೆ ಸುಳ್ಳು ಹೇಳಿ.

ಹತ್ತನೆಯ ದಿನ ತಂಗಿಯ ಮನೆಯಲ್ಲಿ ಅಂಗಿಯ ಗುಂಡಿ ಹುಡುಕಲು ಹೊಲಿಗೆ ಡಬ್ಬಿ ತೆಗೆದಳು. ಒಳಗೆ ಗುಂಡಿಗಳ ಮೇಲೆ ಮಾತ್ರೆಯ ಹಾಳೆಗಳು, ಒಡೆಯದೆ ಹಾಗೇ ಇದ್ದವು. ಎಣಿಸಿದಳು. ಇಪ್ಪತ್ತೆಂಟು ದಿನದ್ದು.

“ಏನೇ ಇದು?”

“ನಿನ್ನ ಸೊಪ್ಪಿತ್ತಲ್ಲ ಅಕ್ಕ. ಒಣಗಿಸಿ ಇಟ್ಟಿದ್ದು ಇನ್ನೂ ಇದೆ. ಎರಡೆರಡು ಯಾಕೆ?” ತಂಗಿ ಕೆಮ್ಮಿದಳು. ಕೆಮ್ಮು ಹಿಂದಿನ ವಾರಕ್ಕಿಂತ ಆಳದಿಂದ ಬಂತು.

“ಸೊಪ್ಪಲ್ಲಿ ಏನೂ ಇಲ್ಲ. ಈಗಲೇ ಮಾತ್ರೆ ನುಂಗು.”

“ಅವತ್ತು ಕಣ್ಣಾರೆ ನೋಡಿದೆ ಅಂದೆ. ಇವತ್ತು ಏನೂ ಇಲ್ಲ ಅಂತೀಯ. ಯಾರು ಬೈದರು ನಿನಗೆ? ಆ ಮೇಡಂ ಬಂದು ಹೇಳಲಿ, ಕೇಳ್ತೀನಿ. ನಿನ್ನ ನಾಲಿಗೆಗೆ ಮೂಳೆ ಇಲ್ಲ.”

ಮೇಡಂ ಬರಬೇಕಾದರೆ ಮೇಡಂಗೆ ಹೇಳಬೇಕು. ಮರುದಿನ ಬೆಳಿಗ್ಗೆ ಹುಡುಗಿ ಒಬ್ಬಳೇ ಇದ್ದಾಗ ಏಳುನೀರಮ್ಮ ಕೈ ಒರೆಸಿಕೊಂಡು ಹೋಗಿ ನಿಂತಳು. ಬುಧವಾರ, ನಲ್ಲಿ, ಒಂದು ನೀರು, ಮುಕ್ಕು ಸೀಸೆ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ತಂಗಿಯ ವಿಷಯವನ್ನೂ ಹೇಳಿದಳು.

ಹುಡುಗಿಯ ಮುಖ ಬಿಳಿಚಿತು. ಹಳೆಯ ಸೀಸೆ ತೆಗೆದು ಮುಕ್ಕಾದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಯಾವತ್ತಿಂದ ಗೊತ್ತಿತ್ತು?”

“ಹನ್ನೊಂದು ದಿನ.”

“ಒಂದು ನೀರು ಹಾಕಿದ್ದು ಮರೆವು ಅಮ್ಮ. ಯಾರಿಗೂ ಆಗುತ್ತೆ. ನಾನೂ ಎರಡನೇ ಸೀಸೆಯಲ್ಲಿ ಮಾಡಿ ನೋಡದೇ ಕುಣಿದೆ. ಆದರೆ ಹನ್ನೊಂದು ದಿನ...” ಅಷ್ಟಕ್ಕೇ ನಿಲ್ಲಿಸಿದಳು. ಬೈದಿದ್ದರೆ ಹಗುರವಾಗುತ್ತಿತ್ತು. ದಾಖಲೆ ಪುಸ್ತಕ ತೆಗೆದು ಮುಂದಿಟ್ಟಳು. “ನೀವೇ ಬರೀರಿ. ನೀವು ಹೇಳಿದ ಹಾಗೇ.”

ಏಳುನೀರಮ್ಮನಿಗೆ ಅಕ್ಷರ ಕೂಡಿಸಿ ಬರೆಯುವಷ್ಟು ಬರುತ್ತಿತ್ತು. ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಕೆಳಗೆ ತನ್ನ ಹೆಸರು ಬರೆದಳು, ಮನೆಯವರಿಟ್ಟ ಹೆಸರು. ಸಂಜೆಯೊಳಗೆ ಪ್ರೊಫೆಸರರು ಓದಿದರು. ತೊಟ್ಟಿಯತ್ತ ತಿರುಗದೆ ಪಕ್ಕದಲ್ಲೇ ಹಾದು ಹೋದರು.

ಹುಡುಗಿ ಮಾತ್ರ ಅವಳೊಡನೆ ತಂಗಿಯ ಮನೆಗೆ ಬಂದಳು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, “ಸೊಪ್ಪು ಏನನ್ನೂ ಕೊಂದಿಲ್ಲ. ಕೊಂದಿದ್ದರೂ ಅದು ತಟ್ಟೆಯಲ್ಲಿ, ಅದೂ ಬೇರೆ ಕ್ರಿಮಿ. ನಿಮ್ಮ ಎದೆಯಲ್ಲಿರೋದಲ್ಲ,” ಎಂದಳು.

ತಂಗಿ ಅಕ್ಕನ ಕಡೆ ತಿರುಗಿದಳು. “ಬೇರೆ ಕ್ರಿಮಿ ಅನ್ನೋದು ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದರು. ಇಲ್ಲವಾಗಿದ್ದ ಕ್ರಿಮಿ ಮತ್ತೆ ಕಂಡಿತು. ಮೊದಲನೇ ದಿನದಿಂದ ಮಾತ್ರೆ ಶುರು ಮಾಡಬೇಕು, ಈ ಸಲ ಯಾರಾದರೂ ಎದುರು ಕೂತು ನುಂಗಿಸಬೇಕು ಎಂದರು. ಮಾತ್ರೆ ಕೊಡುವ ನರ್ಸು ಚೀಟಿ ಹಿಡಿದು, “ಯಾರ ಹೆಸರು ಬರೀಲಿ? ಅಕ್ಕ ಇದ್ದಾರಲ್ಲ?” ಎಂದು ಕೇಳಿದಳು.

“ಅಕ್ಕ ಬೇಡ,” ಎಂದಳು ತಂಗಿ. “ಎದುರು ಮನೆಯವಳ ಹೆಸರು ಬರ್ಕೊಳ್ಳಿ.”

ಕೋಣೆಯಲ್ಲಿ ಇನ್ನೂ ಆರು ಜನ ಕೂತಿದ್ದರು. ಏಳುನೀರಮ್ಮ ಸೀರೆಯ ಸೆರಗನ್ನು ನೋಡುತ್ತ ನಿಂತಳು.

ಅಂದಿನಿಂದ ಅವಳು ಕೆಲಸಕ್ಕೆ ಹೋಗುವ ಮೊದಲು ತಂಗಿಯ ಬೀದಿಗೆ ಹೋಗಿ ಕಿಟಕಿಯ ಹೊರಗೆ ನಿಲ್ಲತೊಡಗಿದಳು. ಒಳಗೆ ಎದುರು ಮನೆಯವಳ ಮಾತು, ಹಾಳೆ ಹರಿಯುವ ಸದ್ದು, ಲೋಟ ಇಟ್ಟ ಸದ್ದು. ಅಷ್ಟು ಕೇಳಿ ಹೊರಟುಬಿಡುತ್ತಿದ್ದಳು. ಬಾಗಿಲು ತಟ್ಟಲಿಲ್ಲ. ಹೀಗೆ ನಲವತ್ತು ದಿನವಾಯಿತು. ನಲವತ್ತೊಂದನೆಯ ದಿನ ಎದುರು ಮನೆಯವಳು ಬರುವುದು ತಡವಾಯಿತು. ಏಳುನೀರಮ್ಮ ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು, ಕಾಲು ಬದಲಿಸಿದಳು. ಕೊನೆಗೆ ಒಳಗೆ ಲೋಟ ಇಟ್ಟ ಸದ್ದಾಯಿತು.

“ನುಂಗಿದೀನಿ, ಹೋಗು,” ಎಂದಿತು ತಂಗಿಯ ದನಿ, ಕಿಟಕಿ ತೆರೆಯದೆ. “ನಿನ್ನ ಬಸ್ಸು ತಪ್ಪುತ್ತೆ.”