ಬೀಗರೂಟಕ್ಕೆ ಹೊಂದುವ ವೈನು

ಯಾವ ಊಟಕ್ಕೆ ಯಾವ ವೈನು ಹೊಂದುತ್ತದೆ ಎಂದು ಹೇಳುವುದು ಚಿಕ್ಕಮಾದಯ್ಯನವರ ಕೆಲಸ. ನಜರ್‌ಬಾದಿನ ಹಳೆಯ ಹೋಟೆಲೊಂದಕ್ಕೆ ಅವರು ತಟ್ಟೆ ಎತ್ತಲು ಸೇರಿ ಇಪ್ಪತ್ತೆಂಟು ವರ್ಷವಾಯಿತು. ಸೇರಿದ ಆರನೆಯ ವರ್ಷವೋ ಏಳನೆಯ ವರ್ಷವೋ, ಮಾಲೀಕರು ಬೆಂಗಳೂರಿನಿಂದ ಒಬ್ಬರನ್ನು ಕರೆಸಿ ಬಡಿಸುವವರಿಗೆಲ್ಲ ನಾಲ್ಕು ದಿನ ವೈನಿನ ಪಾಠ ಹೇಳಿಸಿದರು. ಉಳಿದವರು ಕೇಳಿ ಮರೆತರು. ಚಿಕ್ಕಮಾದಯ್ಯ ಮಾತ್ರ ಎಲ್ಲವನ್ನೂ ತಮಗೆ ತಿಳಿಯುವ ಮಾತಿನಲ್ಲಿ ಒಂದು ಪುಸ್ತಕದಲ್ಲಿ ಬರೆದುಕೊಂಡರು. ಕೆಂಪು ವೈನಿನಲ್ಲಿ ಬಾಳೆಕಾಯಿಯ ಒಗರಿದೆ. ಆ ಒಗರು ಕುರಿಮಾಂಸದ ಜಿಡ್ಡನ್ನು ಕಡಿಯುತ್ತದೆ. ಆದರೆ ಖಾರ ಜಾಸ್ತಿಯಿದ್ದರೆ ಅದೇ ಒಗರು ನಾಲಿಗೆಯ ಮೇಲೆ ಕೆಂಡ ಇಟ್ಟ ಹಾಗೆ. ಅಲ್ಲಿಗೆ ತುಸು ಸಿಹಿಯಿರುವ ಬಿಳಿ ವೈನನ್ನು ಚೆನ್ನಾಗಿ ತಂಪು ಮಾಡಿ ಕೊಡಬೇಕು. ಸಿಹಿ ತಿನಿಸಿನ ಜೊತೆಗೆ ಕೊಡುವ ವೈನು ಆ ತಿನಿಸಿಗಿಂತ ಸಿಹಿಯಾಗಿರಬೇಕು, ಇಲ್ಲವಾದರೆ ಹುಳಿ ಮಜ್ಜಿಗೆ ಕುಡಿದಂತಾಗುತ್ತದೆ.

ದಸರೆಯಲ್ಲಿ, ಕ್ರಿಸ್‌ಮಸ್ಸಿನಲ್ಲಿ, ಹೊಸ ವರ್ಷದ ಊಟದಲ್ಲಿ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ತಾವು ಮಾತ್ರ ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳುವರೇ ಹೊರತು ನುಂಗುತ್ತಿರಲಿಲ್ಲ. ಹಬ್ಬದ ದಿನಗಳಲ್ಲಿ ಅವರು ಮನೆಯಲ್ಲಿ ಇದ್ದದ್ದೇ ಅಪರೂಪ. ಊರೆಲ್ಲ ಉಂಡ ಮೇಲೆ ತಾವು ತಣ್ಣಗಿನ ಅನ್ನಕ್ಕೆ ಸಾರು ಕಲಸಿಕೊಳ್ಳುವುದು ಅವರಿಗೆ ಅಭ್ಯಾಸವಾಗಿ ಹೋಗಿತ್ತು.

ಪುಸ್ತಕದಲ್ಲಿ ಇಲ್ಲದ ಇನ್ನೊಂದು ವಿದ್ಯೆಯೂ ಅವರಿಗೆ ವರ್ಷಗಳ ಮೇಲೆ ಒಲಿದಿತ್ತು. ಊಟಕ್ಕೆ ಕೂತವನು ಎಂಥ ಕುಡಿಯುವವನು ಎಂಬುದನ್ನು ಅವರು ಅವನ ಕೈ, ಕಣ್ಣು ನೋಡಿ ಹೇಳಬಲ್ಲವರಾಗಿದ್ದರು. ರುಚಿಗೆ ಕುಡಿಯುವವನ ಕಣ್ಣು ತಟ್ಟೆಯ ಮೇಲಿರುತ್ತದೆ. ಗತ್ತಿಗೆ ಕುಡಿಯುವವನ ಕಣ್ಣು ಪಕ್ಕದ ಮೇಜಿನ ಮೇಲೆ. ಬಿಡಲಾಗದೆ ಕುಡಿಯುವವನ ಕಣ್ಣು ಬಾಟಲಿ ಎತ್ತ ಹೋದರೆ ಅತ್ತ ಹೋಗುತ್ತದೆ. ಹೊಸ ಮ್ಯಾನೇಜರುಗಳು ಬಂದಾಗಲೆಲ್ಲ ಇದನ್ನು ಪರೀಕ್ಷೆ ಮಾಡಿ ನೋಡಿ ಸೋತಿದ್ದರು.

ಇಂಥವರು ತಮ್ಮ ಮಗಳ ವಿಷಯದಲ್ಲಿ ಎಡವಿದರು.

ಸುಷ್ಮಿತಾ ಅವರಿಗೆ ಒಬ್ಬಳೇ ಮಗಳು. ಬಿ.ಎಡ್. ಮುಗಿಸಿ ಚಾಮರಾಜಪುರಂನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ದೇವರಾಜ ಮೊಹಲ್ಲಾದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿರುವ ಹುಚ್ಚಯ್ಯನವರ ಮಗ ಸಂಜಯ್ ಅವಳನ್ನು ನೋಡಿ ಒಪ್ಪಿದ. ಮಾತುಕತೆಯ ದಿನ ಚಿಕ್ಕಮಾದಯ್ಯ ಎರಡು ಮನೆಯವರನ್ನೂ ತಮ್ಮ ಹೋಟೆಲಿಗೇ ಊಟಕ್ಕೆ ಕರೆದರು. ಮೇಜಿನ ಮೇಲೆ ಗ್ಲಾಸು ಜೋಡಿಸಿದ್ದರು. ಬಾಟಲಿ ಇನ್ನೂ ಬಂದಿರಲಿಲ್ಲ, ಯಾರೂ ಏನೂ ಕೇಳಿರಲಿಲ್ಲ. ಅಷ್ಟರಲ್ಲೇ ಸಂಜಯ್ ತನ್ನ ಮುಂದಿದ್ದ ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ, ತನಗೆ ಬೇಡ ಎಂದುಬಿಟ್ಟ. ಊಟ ಮುಗಿಯುವ ತನಕ ಆ ಕೈ ಅಲ್ಲಿಂದ ಕದಲಲಿಲ್ಲ.

ಆ ದಿನ ಮನೆಗೆ ಬಂದವರೇ ಚಿಕ್ಕಮಾದಯ್ಯ ಹೆಂಡತಿ ಇಂದ್ರಮ್ಮನಿಗೆ ಅದನ್ನು ಎರಡು ಸಲ ಹೇಳಿದರು. ಸಾವಿರ ಜನಕ್ಕೆ ಬಗ್ಗಿಸಿದ್ದೇನೆ, ಹೀಗೆ ಕೈ ಮುಚ್ಚಿದ ಹುಡುಗನನ್ನು ನೋಡಿಲ್ಲ ಎಂದರು. ಹಾಗೆಂದದ್ದು ಸುಳ್ಳು. ಅವರು ನೋಡಿದ್ದರು. ಕುಡಿಯದವನು ಗ್ಲಾಸಿನ ಕಡೆ ನೋಡುವುದೂ ಇಲ್ಲ, ಅದು ಮೇಜಿನ ಮೇಲೆ ತನ್ನ ಪಾಡಿಗೆ ಇರುತ್ತದೆ. ಬಾಟಲಿ ಬರುವ ಮೊದಲೇ ಕೈ ಮುಚ್ಚುವವನು ಆ ಗ್ಲಾಸಿಗೆ ಹೆದರಿದವನು. ಬೇರೆ ಯಾವ ಮೇಜಾಗಿದ್ದರೂ ಇದು ಅವರಿಗೆ ಕ್ಷಣದಲ್ಲಿ ಹೊಳೆಯುತ್ತಿತ್ತು. ಆ ದಿನ ಅವರು ಹೆಣ್ಣಿನ ತಂದೆಯಾಗಿ ಕೂತಿದ್ದರು, ನಿಂತು ಬಡಿಸುತ್ತಿರಲಿಲ್ಲ.

ಮದುವೆ ಸಾಂಗವಾಗಿ ನಡೆಯಿತು. ಮದುವೆಯಾದ ಎರಡನೆಯ ಭಾನುವಾರ ಹೆಣ್ಣಿನ ಮನೆಯಲ್ಲಿ ಬೀಗರೂಟ. ಮದುವೆಯ ಚಪ್ಪರದಲ್ಲಿ ಸಿಹಿ ಊಟ ಉಂಡ ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕಿ ಕಳಿಸುವುದು ಇವರಲ್ಲಿ ತಪ್ಪದ ಪದ್ಧತಿ. ಹುಚ್ಚಯ್ಯ ಫೋನು ಮಾಡಿ, ನೀವು ದೊಡ್ಡ ದೊಡ್ಡವರಿಗೆ ಕುಡಿಸಿದವರು, ನಮಗೂ ಅದರ ರುಚಿ ತೋರಿಸಿ ಎಂದು ನಗುತ್ತಾ ಕೇಳಿದರು. ಚಿಕ್ಕಮಾದಯ್ಯನವರಿಗೆ ಖುಷಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಅವರ ವಿದ್ಯೆ ಅವರ ಮನೆಯ ಎಲೆಗೆ ಬರುತ್ತಿತ್ತು.

ನಾಲ್ಕು ದಿನ ಅವರು ಅದನ್ನೇ ಯೋಚಿಸಿದರು. ಬೋಟಿ ಗೊಜ್ಜಿಗೆ ಮೆಣಸು ಹೆಚ್ಚು, ಅದಕ್ಕೆ ತಂಪು ಬಿಳಿ ವೈನು. ಮುದ್ದೆ ಮತ್ತು ಮಟನ್ ಸಾರಿಗೆ ಕೆಂಪು ವೈನು, ಆದರೆ ಒಗರು ಕಡಿಮೆಯಿರುವಂಥದ್ದು, ಅದನ್ನೂ ತುಸು ಹೊತ್ತು ಐಸಿನಲ್ಲಿಟ್ಟು. ನಾಟಿ ಕೋಳಿ ಹುರಿದದ್ದಕ್ಕೆ ತಿಳಿ ಗುಲಾಬಿ ಬಣ್ಣದ್ದು. ಇಂದ್ರಮ್ಮನ ಕೈಯಲ್ಲಿ ಮೂರು ಬಗೆಯ ಮಸಾಲೆ ಅರೆಸಿ, ಒಂದೊಂದನ್ನೂ ನಾಲಿಗೆಗೆ ಹಚ್ಚಿ, ವೈನು ಗುಟುಕರಿಸಿ, ಬಚ್ಚಲಿಗೆ ಹೋಗಿ ಉಗುಳಿ ಬಂದರು.

"ಬಸುರಿ ವಾಂತಿ ಮಾಡ್ದಂಗೆ ಓಡಾಡ್ತಿದ್ದೀರಲ್ಲ," ಎಂದಳು ಇಂದ್ರಮ್ಮ. "ಅವ್ರು ಉಣ್ಣಕ್ಕೆ ಬರೋದು ಕಣ್ರೀ, ಪರೀಕ್ಷೆ ಬರೆಯಕ್ಕಲ್ಲ."

ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿಸಿದ್ದರು. ಬಾಳೆಲೆಯ ಪಕ್ಕ ಉದ್ದ ಕಾಲಿನ ಗ್ಲಾಸು ನೋಡಿ ಗಂಡಿನ ಕಡೆಯ ಹಿರಿಯರು ನಕ್ಕರು. ಒಬ್ಬರು ಇದನ್ನು ಕುಡಿಯುವುದೋ ಮುಡಿಯುವುದೋ ಎಂದು ಕೇಳಿದರು. ಮೊದಲ ಪಂಕ್ತಿಯ ನಡುವೆ ಸಂಜಯ್ ಮತ್ತು ಸುಷ್ಮಿತಾ ಕೂತರು. ಸಂಜಯ್ ಪಕ್ಕದಲ್ಲಿ ಹುಚ್ಚಯ್ಯ. ಬೀಗರಿಗೆ ಮನೆಯ ಯಜಮಾನನೇ ಕೈಯಾರೆ ಬಡಿಸಬೇಕಾದ್ದರಿಂದ ಚಿಕ್ಕಮಾದಯ್ಯ ಹೆಗಲಿಗೆ ಬಿಳಿ ವಸ್ತ್ರ ಹಾಕಿ ತಾವೇ ಬಾಟಲಿ ಹಿಡಿದರು.

ಸಂಜಯ್ ಈ ಸಲ ಕೈ ಮುಚ್ಚಲಿಲ್ಲ. ಗ್ಲಾಸು ಮುಂದಕ್ಕೆ ಚಾಚಿದ.

ಹೊಸ ಅಳಿಯ, ಸಂತೋಷಕ್ಕೆ ಒಂದು ತೊಟ್ಟು ತೆಗೆದುಕೊಳ್ಳುತ್ತಾನೆ ಎಂದುಕೊಂಡು ಚಿಕ್ಕಮಾದಯ್ಯ ಬಗ್ಗಿಸಿದರು. ಬಗ್ಗಿಸುವಾಗ ಬಾಟಲಿಯ ಬಾಯಿಗೆ ಗ್ಲಾಸಿನ ಅಂಚು ಸಣ್ಣಗೆ ತಗುಲತೊಡಗಿತು. ನಡುಗುತ್ತಿದ್ದದ್ದು ಸಂಜಯ್‌ನ ಬಲಗೈ. ಅವನು ಎಡಗೈಯನ್ನು ಬಲ ಮಣಿಕಟ್ಟಿಗೆ ಆನಿಸಿ, ಎರಡೂ ಕೈಯಲ್ಲಿ ಗ್ಲಾಸು ಎತ್ತಿ ಒಂದೇ ಸಲಕ್ಕೆ ಕುಡಿದ. ಎಲೆಯ ಮೇಲಿನ ಬೋಟಿ ಗೊಜ್ಜನ್ನು ಮುಟ್ಟಲಿಲ್ಲ. ಗ್ಲಾಸು ಮತ್ತೆ ಬಂತು. ಎರಡನೆಯದು ಮುಗಿದು ಮೂರನೆಯದಕ್ಕೆ ಕೈ ಚಾಚಿದಾಗ ಅವನ ಕೈ ನೆಟ್ಟ ಕಂಬದ ಹಾಗೆ ನಿಂತಿತ್ತು.

ಕುಡಿದು ಕೈ ನಡುಗುವವನನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಕುಡಿಯುವ ತನಕ ನಡುಗಿ, ಕುಡಿದ ಮೇಲೆ ಕೈ ನಿಲ್ಲುವವನು ಬಿಡಲಾಗದೆ ಕುಡಿಯುವವನು ಎಂಬುದು ಚಿಕ್ಕಮಾದಯ್ಯನಂಥವರಿಗೆ ಗೊತ್ತು. ಮಗಳ ಕಡೆ ನೋಡಿದರು. ಸುಷ್ಮಿತಾ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದಳು.

ಹೋಟೆಲಾಗಿದ್ದರೆ ಅವರಿಗೆ ನೂರು ದಾರಿಗಳಿದ್ದವು. ಈಗಲೂ ಕೈ ತಾನಾಗಿ ಅವನ್ನೇ ಹುಡುಕಿತು. ಬಾಟಲಿಯನ್ನು ದೂರದ ಮೇಜಿಗೆ ಇಟ್ಟು ಬಂದರು. ಬಿಸಿ ಸಾರನ್ನು ಮೊದಲು ಸಂಜಯ್ ಎಲೆಗೇ ಬಡಿಸಿ, ಆರುವ ಮುಂಚೆ ಉಣ್ಣಿ ಅಳಿಯಂದ್ರೇ ಎಂದರು. ನೀರು ತುಂಬಿಸಿದರು. ಪಂಕ್ತಿಯ ಆ ತುದಿಯಿಂದ ಈ ತುದಿಗೆ ಬೇಕೆಂದೇ ನಿಧಾನವಾಗಿ ಬಂದರು. ಸಂಜಯ್‌ನ ಕಣ್ಣು ಅಷ್ಟು ಹೊತ್ತೂ ದೂರದ ಮೇಜಿನ ಮೇಲಿತ್ತು.

"ಏನ್ ಬೀಗ್ರೇ, ಅಳಿಯನ್ ಗ್ಲಾಸು ಒಣಗ್ತಾ ಅದೆ," ಎಂದರು ಹುಚ್ಚಯ್ಯ, ಎಲ್ಲರಿಗೂ ಕೇಳುವಂತೆ. "ಓಟ್ಲಲ್ಲಿ ಎಣಿಸ್ದಂಗೆ ಇಲ್ಲೂ ಎಣಿಸ್ತಿದ್ದೀರಾ ಎಂಗೆ?"

ಪಂಕ್ತಿ ನಕ್ಕಿತು. ಬೀಗರೂಟದಲ್ಲಿ ಸಾಕು ಎನ್ನುವ ಹಕ್ಕು ಉಣ್ಣುವವನದು. ಅವನು ಎಲೆಗೆ ಕೈ ಅಡ್ಡ ಹಿಡಿಯುವ ತನಕ ಬಡಿಸುವವನು ಬಡಿಸುತ್ತಲೇ ಇರಬೇಕು. ಬಡಿಸುವವನೇ ಸಾಕು ಎಂದರೆ ಆ ಮಾತು ಹತ್ತು ಮನೆ ಸುತ್ತಿ, ಕೊನೆಗೆ ಬಂದು ಕೂರುವುದು ಆ ಮನೆಗೆ ಸೊಸೆಯಾಗಿ ಹೋದವಳ ತಲೆಯ ಮೇಲೆ. ಚಿಕ್ಕಮಾದಯ್ಯ ಬಾಟಲಿ ತಂದರು. ಬಗ್ಗಿಸಿದರು.

ಆಮೇಲೆ ಕೈ ತೊಳೆಯುವ ನೆಪ ಮಾಡಿಕೊಂಡು ನೀರಿನ ಡ್ರಮ್ಮಿನ ಹತ್ತಿರ ಹೋಗಿ ನಿಂತರು. ಅಲ್ಲಿಗೆ ಬೀಗಿತ್ತಿ ಚೆಲುವಮ್ಮ ಬಂದರು. ಸಂಜಯ್‌ನ ತಾಯಿ ಹೆಚ್ಚು ಮಾತಿನವರಲ್ಲ. ಮದುವೆಯಲ್ಲೂ ಮೂಲೆಯಲ್ಲೇ ಇದ್ದರು. ಸೆರಗಿನಲ್ಲಿ ಕೈ ಒರೆಸುತ್ತಾ, ಬಡಿಸಬೇಡಿ ಎನ್ನುವಂತಿಲ್ಲ, ಇವತ್ತೊಂದು ದಿನ ಹೇಗೋ ದಾಟಿಸಿ ಎಂದು ಮೆಲ್ಲಗೆ ಹೇಳಿದರು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು ಚಿಕ್ಕಮಾದಯ್ಯ.

ಚೆಲುವಮ್ಮ ಅವರ ಮುಖ ನೋಡಿದರು. ನೋಡುತ್ತಾ ನೋಡುತ್ತಾ ಚೆಲುವಮ್ಮನವರ ಮುಖದ ಬಣ್ಣ ಬದಲಾಯಿತು.

"ನಿಮ್ಗೆ ಗೊತ್ತಿರ್ಲಿಲ್ವಾ ಅಣ್ಣ?"

ಚಿಕ್ಕಮಾದಯ್ಯ ಹೆಗಲಿನ ಬಿಳಿ ವಸ್ತ್ರ ತೆಗೆದು ಕೈ ಒರೆಸಿಕೊಂಡರು.

"ಅವತ್ತು ಓಟ್ಲಲ್ಲಿ ಅವನು ಕೈ ಮುಚ್ದಾಗ ನೀವು ನೋಡಿದ್ರಿ. ಕುಡಿಯೋರ್ನ ಕೈ ನೋಡೇ ಕಂಡ್‌ಹಿಡೀತಾರೆ ಅಂತ ಎಲ್ರೂ ಏಳೋರು. ಗೊತ್ತಾಗಿರ್ತದೆ, ಮುರಿದ್‌ಬುಡ್ತಾರೆ ಅಂತ ರಾತ್ರಿಯೆಲ್ಲ ಎದೆ ಇಡ್ಕೊಂಡು ಮಲ್ಗಿದ್ದೆ. ಬೆಳಗ್ಗೆ ಒಪ್ಗೆ ಅಂತ ಫೋನ್ ಮಾಡಿದ್ರಲ್ಲ. ಎಲ್ಲಾ ತಿಳಿದೂ ಮಗಳ್ನ ಕೊಡ್ತಾವ್ರೆ, ಇಂಥೋರ್ನ ನಿಭಾಯ್ಸಿ ಗೊತ್ತಿರೋರು, ನನ್ನ ಮಗನ್ನೂ ಒಂದು ದಾರಿಗೆ ತರ್ತಾರೆ ಅಂದ್ಕೊಂಡೆ." ಅವರ ದನಿ ಸಣ್ಣದಾಯಿತು. "ನಿಮ್ ಕಾಲಿಗೆ ಬೀಳ್ಬೇಕು ಅಂತಿದ್ದೆ ಅಣ್ಣ ಇವತ್ತು."

ಬೈಯಬೇಕೆಂದುಕೊಂಡು ಬಾಯಿ ತೆರೆದ ಚಿಕ್ಕಮಾದಯ್ಯನವರಿಗೆ ಬೈಯಲು ಯಾರೂ ಸಿಗಲಿಲ್ಲ. ಮುಚ್ಚಿಟ್ಟು ಮದುವೆ ಮಾಡಿದಿರಿ ಎನ್ನೋಣವೆಂದರೆ, ಕಣ್ಣ ಮುಂದೆ ಇಟ್ಟದ್ದನ್ನು ಕಾಣದವರು ತಾವೇ. ಅವರು ಡ್ರಮ್ಮಿನ ನೀರಿನಲ್ಲಿ ಇನ್ನೊಂದು ಸಲ ಕೈ ತೊಳೆದರು. ಹೋಗಿ ಉಣ್ಣಿ ತಾಯಿ, ಎಲೆ ಕಾಯುತ್ತಿದೆ ಎಂದರು.

ಮತ್ತೆ ಪಂಕ್ತಿಗೆ ಬಂದಾಗ ಸಂಜಯ್ ಗ್ಲಾಸು ಎತ್ತಿಯೇ ಹಿಡಿದಿದ್ದ. ಮುಖ ಕೆಂಪಾಗಿ, ಮಾತು ಜೋರಾಗಿತ್ತು. ಈ ಸಲ ಏನಾದರೂ ಆಗಲಿ ಎಂದು ಚಿಕ್ಕಮಾದಯ್ಯ ಗಟ್ಟಿ ಮನಸ್ಸು ಮಾಡಿದರು. ಬಾಟಲಿಯನ್ನು ಬೆನ್ನ ಹಿಂದೆ ಹಿಡಿದು, ಬಾಗಿ, ಮೊದಲು ಊಟ ಮಾಡಿ ಎಂದು ಅಳಿಯನಿಗೆ ಹೇಳಿದರು. ಸಂಜಯ್ ನಗುವುದನ್ನು ನಿಲ್ಲಿಸಿದ. ಆಗ ಸುಷ್ಮಿತಾ ತಲೆಯೆತ್ತಿದಳು.

"ಬಗ್ಸಿ ಅಪ್ಪ," ಎಂದಳು, ಅಪ್ಪನಿಗಷ್ಟೇ ಕೇಳುವ ದನಿಯಲ್ಲಿ. "ಇಲ್ಲಿ ಬೇಡ ಅಂದ್ರೆ ಅಲ್ಲಿ ಮನೇಲಿ ಜಾಸ್ತಿ ಆಗುತ್ತೆ."

ಅವಳ ಮುಖದಲ್ಲಿ ಅಳುವಿರಲಿಲ್ಲ. ಮದುವೆಯಾಗಿ ಹದಿನೈದು ದಿನವೂ ಆಗಿರಲಿಲ್ಲ, ಅಷ್ಟರಲ್ಲೇ ಅವಳು ಈ ಲೆಕ್ಕವನ್ನು ಕಲಿತುಬಿಟ್ಟಿದ್ದಳು. ಚಿಕ್ಕಮಾದಯ್ಯ ಬಾಟಲಿಯನ್ನು ಮುಂದಕ್ಕೆ ತಂದರು. ಕಲಿತ ಕೈ ಕಲಿತಂತೆಯೇ ನಡೆಯಿತು: ಬಾಟಲಿಯ ಮೇಲಿನ ಹೆಸರಿನ ಚೀಟಿ ಉಣ್ಣುವವನ ಕಡೆಗೆ, ಗ್ಲಾಸಿನ ಅರ್ಧಕ್ಕೆ ನಿಲ್ಲಿಸಿ, ಮಣಿಕಟ್ಟು ತಿರುಗಿಸಿ, ಒಂದು ತೊಟ್ಟೂ ಎಲೆಗೆ ಬೀಳದ ಹಾಗೆ. ಪೂರ್ತಿ ಎಂದ ಸಂಜಯ್. ಪೂರ್ತಿ ಬಗ್ಗಿಸಿದರು.

ಊಟ ಬಹಳ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ಸಾರಿಗೂ ಆ ಕೆಂಪು ವೈನಿಗೂ ಹೇಳಿ ಮಾಡಿಸಿದ ಜೋಡಿ ಎಂದು ಒಬ್ಬ ಹಿರಿಯರು ಚಿಕ್ಕಮಾದಯ್ಯನವರ ಕೈ ಹಿಡಿದು ಕುಲುಕಿದರು. ಎಲೆ ಅಡಿಕೆ ಹಂಚಿದರು. ಹುಚ್ಚಯ್ಯನವರ ಅಣ್ಣನ ಮಗ ಕಾರು ತೆಗೆದ. ಸಂಜಯ್‌ನನ್ನು ಇಬ್ಬರು ನಗಿಸುತ್ತಾ ನಡೆಸಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿದರು.

ಇಂದ್ರಮ್ಮ ಮಗಳಿಗೆ ಮಡಿಲಕ್ಕಿ ತುಂಬಿ, ಅವಳ ತಲೆಗೆ ಹೂವು ಮುಡಿಸಿ ಒಳಗೆ ಹೋದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ನಡುಮನೆಯಲ್ಲಿ ತಂದೆ ಮಗಳು ಇಬ್ಬರೇ ಉಳಿದರು. ಇವತ್ತು ಇಲ್ಲೇ ಇದ್ದುಬಿಡು ಎಂದರು ಚಿಕ್ಕಮಾದಯ್ಯ. ಇದ್ದರೆ ನಾಳೆ ಏನು ಎಂದಳು ಸುಷ್ಮಿತಾ.

ಅವಳು ಮಡಿಲಿನ ಗಂಟನ್ನು ಸರಿಮಾಡಿಕೊಂಡು, ಪಾಠದಲ್ಲಿ ಅನುಮಾನ ಬಂದ ಹುಡುಗಿ ಕೇಳುವ ಹಾಗೆ ಕೇಳಿದಳು.

"ಹೋಟ್ಲಲ್ಲಿ ಇಂಥೋರು ಬಂದ್ರೆ ಏನ್ ಮಾಡ್ತೀರಿ ಅಪ್ಪ?"

"ಊಟ ಬೇಗ ತರ್ತೀವಿ. ಬಾಟ್ಲಿ ಕಣ್ಣಿಗೆ ಬೀಳದಂಗೆ ಇಡ್ತೀವಿ. ಮಾತಾಡಿಸ್ತೀವಿ."

"ಆಮೇಲೆ?"

ಚಿಕ್ಕಮಾದಯ್ಯ ಯೋಚಿಸಿದರು. ಇಪ್ಪತ್ತೆಂಟು ವರ್ಷದಲ್ಲಿ ಆಮೇಲೆ ಏನಾಗುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಆ ಗಿರಾಕಿಗಳಿಗೂ ಮನೆಯಿತ್ತು, ಮನೆಯಲ್ಲಿ ಬಾಗಿಲು ತೆರೆಯುವವರು ಯಾರೋ ಇದ್ದರು ಎಂಬುದನ್ನು ಅವರೂ ಯೋಚಿಸಿರಲಿಲ್ಲ.

"ಆಮೇಲೆ ಏನಿಲ್ಲ ಕಣಮ್ಮ. ಬಾಗಿಲ ತನಕ ಬಂದು ಕಳಿಸಿಕೊಡ್ತೀವಿ, ಅಷ್ಟೆ."

ಸುಷ್ಮಿತಾ ಸರಿ ಎಂಬಂತೆ ತಲೆಯಾಡಿಸಿದಳು. ಹೊರಗೆ ಕಾರಿನ ಹಾರ್ನು ಕೇಳಿತು. ಚಿಕ್ಕಮಾದಯ್ಯ ಅವಳ ಬ್ಯಾಗನ್ನು ಎತ್ತಿಕೊಂಡು ಗೇಟಿನ ತನಕ ನಡೆದರು, ಕಾರಿನ ಬಾಗಿಲು ತೆರೆದು ಹಿಡಿದರು, ಅವಳು ಕೂತ ಮೇಲೆ ಸೀರೆಯ ಅಂಚು ಸಿಕ್ಕಿಕೊಳ್ಳದಂತೆ ಒಳಗೆ ಸರಿಸಿ ಬಾಗಿಲು ಹಾಕಿದರು.